ಮೂಲಿಯಿಂದ ಮೂಲಿಗೆ

ಮೊದಲನೇದು ಚಲೋ ಇತ್ತು. ಒಳಗ ಎದ್ದು ನಿಲ್ಲಬಹುದಿತ್ತು,
ಪುಟ್ಟ ಸಿಂಕು, ಜಾಳಿಗಿ ಕಿಟಕಿ, ಪರದೆ ಮ್ಯಾಲ ಹಂಸ.
ಆದರ ಶಹಾಪೂರದ ನಮ್ಮ ಓಣಿಯೊಳಗ
ಬಾಳಣ್ಣನ ಕಟ್ಟಿ ಅರ್ಧ ಅಡಿ ಹೊರಗ ಬಂದದ.
ಕಟ್ಟಿ ಸರಿಯೂದಿಲ್ಲ, ಬಾಳಣ್ಣ ಅಂತೂ ಸರಿಯೂದಿಲ್ಲ.

ಎರಡನೇದಕ್ಕ ಡೀಸೆಲ್ ಕುಡಿಯೋ ಚಟ.

ಮೂರನೇದು ಖಾನಾಪುರ ರಸ್ತೆಯ ಗ್ಯಾರೇಜಿನ್ಯಾಗ:
ಹನ್ನೊಂದು ವರ್ಷದ ಬಿಳಿ ಗಾಡಿ,
ಬಾಗಿಲ ಮ್ಯಾಲ ಅರ್ಧ ಅಳಿಸಿದ ಹಾಲಿನ ಡೇರಿ ಹೆಸರು.
ಹಿಂದಿನ ಸೀಟು ತಗದ್ರ ನಾಕು ಹೊಲಿಗಿ ಮಷಿನ್ ಕೂಡ್ತಾವ,
ಸೋಮವಾರದಿಂದ ಶನಿವಾರದ ತನಕ ರಿಪೇರಿ ಧಂದೆಗೆ
ಅಷ್ಟು ಸಾಕು.
ಐತವಾರದ್ದೇನು ಅಂದ್ಲು ಸುಗಂಧಾ,
ಕೊರಳಾಗಿನ ಟೇಪು ತಗದು ತಾನ ಅಳದ್ಲು.
ಉದ್ದ ಐದೂವರಿ ಅಡಿ.
ನಾನು ಐದು ಒಂಬತ್ತು.

"ಮಲಗ್ರಿ ನೋಡೂಣು."
ಮೆಕ್ಯಾನಿಕ್ ಇಮ್ತಿಯಾಜನ ಮುಂದ ಚಪ್ಪಲಿ ಬಿಟ್ಟು
ಮೂಲಿಯಿಂದ ಮೂಲಿಗೆ ಮಲಗಿದೆ. ಅಂತೂ ಹಿಡಿಸಿದೆ.
ಆಕಿಗೆ ಉಳಿದದ್ದು ಒಂದು ತ್ರಿಕೋನ.
ಅದರಾಗ ಮೊಣಕಾಲು ಮಡಚಿ ಹೊರಳಿ,
"ಮನ್ಯಾಗೂ ಇಪ್ಪತ್ತಾರು ವರ್ಷದಿಂದ
ನನಗ ಇಷ್ಟ ಜಾಗಾ ಅಲ್ಲೇನ್ರಿ" ಅಂದ್ಲು.

ಇಮ್ತಿಯಾಜ ಕೆಮ್ಮಿ, ಚಾ ಹೇಳಾಕ ಹೊರಗ ಹೋದ.

ಮ್ಯಾಲ ತಗಡು. ಅದರಾಗ ಒಂದು ಬೋಲ್ಟಿಲ್ಲದ ತೂತು,
ತೂತಿನಾಗ ಗ್ಯಾರೇಜಿನ ಟ್ಯೂಬ್‌ಲೈಟು.
"ಅಂಬೋಲಿ ಘಾಟಿನಾಗ ಮಳಿ ಬಂದ್ರ ಸೋರ್ತದ."
"ನಿಮ್ಮ ಕಡೆ ಸೋರ್ತದ," ಅಂದ್ಲು, ಟೇಪು ಸುತ್ತಕೋತ.

ಚಾ ಬಂದು ಆರಿತು.
ಕೆಳಗ ಇಳದ ಮ್ಯಾಲ
ಹತ್ತು ಸಾವಿರ ಕಡಿಮಿ ಮಾಡು ಅನ್ನಾಕ ಬಾಯಿ ತಗದೆ,
ಆಗಲಿಲ್ಲ.
ನಮ್ಮಿಬ್ಬರ ಮಾರಿ
ಅವ ಆಗಲೇ ನೋಡಿಬಿಟ್ಟಿದ್ದ.