ಮೊಣಕೈ ಅಳತಿ

ಕೂಸಿಗಿ ನೀರು ಎರಿಯೋಳು ನಾ.
ಶಹಾಬಾದಿನ ಈ ಮೂರು ಓಣಿಯೊಳಗ
ನನ್ನ ಮೊಣಕೈಗಿ ತಾಗದ ನೀರಾಗ
ಒಂದು ಕೂಸೂ ಮಿಂದಿಲ್ಲ.
ಬೆರಳು ಸುಳ್ಳು ಹೇಳತಾವ,
ಬೂದಿ ಹಚ್ಚಿ ಪಾತ್ರಿ ತಿಕ್ಕಿ ದಪ್ಪಾದ ಬೆರಳು.
ಮೊಣಕೈ ಹೇಳೂದಿಲ್ಲ.
ಅದ್ದಿದರ ಗೊತ್ತಾಗತಾದ:
ಇದು ಕೂಸಿಂದು, ಇದು ಬಾಣಂತಿದು,
ಇದು ಕೋಳಿ ಪುಚ್ಚ ಕೀಳಲಿಕ್ಕ.

ಹೋದ ವಾರ ತಯ್ಯಬಾ ಅಂದಳು,
ಪರಸಿ ಪಾಲಿಶ್ ಮಾಡೋ ಘನೀಸಾಬನ ಹೇಣ್ತಿ,
ಹನ್ನೆರಡು ದಿನದ ಬಾಣಂತಿ:
"ಮಾಯಿ, ನಾಳಿಂದ ಮುಂಜಾನಿ ಬರಬ್ಯಾಡ.
ಮಧ್ಯಾಹ್ನ ಮೂರಕ್ಕ ಬಾ."

ಮೂರಕ್ಕ!
ಮೂರಕ್ಕ ಎಮ್ಮಿ ಮೈ ತೊಳೀತಾರ.
ನಮ್ಮವ್ವ ಎರದಿದ್ದು ಮುಂಜಾನಿ,
ಅಕಿ ಅವ್ವ ಎರದಿದ್ದು ಮುಂಜಾನಿ,
ಹೊತ್ತು ಹೇಳಲಿಕ್ಕ ಈ ಪೋರಿ ಯಾರು?
ಕೊಟ್ಟ ಎಲಿ ಅಡಿಕಿ ಅಲ್ಲೇ ಇಟ್ಟು ಬಂದೆ.

ರಾತ್ರಿ ಒಲಿ ಮುಂದ ಕುಂತು ಕೆಮ್ಮಿದೆ.
ತೊಗರಿ ಕಟಗಿ ಭುಸ್ ಅಂತ ಹತ್ತತಾದ,
ಹಂಗೇ ಸಾಯತಾದ.
ಒಂದು ಹಂಡೆಕ ಅರ್ಧ ಹೊರಿ.
ಬಾಜೂ ಮನ್ಯಾಗ ಕಾಯಿಲ್ ಅದ ಖರೆ,
ಬಕೀಟಿನಾಗ ಇಳಬಿಟ್ಟರ
ಅತ್ತಿ ಮೀಟರ್ ಮುಂದ ಕುಂತು
ಕೆಂಪು ದೀಪ ಎಷ್ಟು ಸಲ ಕಣ್ಣು ಹೊಡೀತು ಎಣಸತಾಳ.
ಸ್ವಿಚ್ ಆರಸದೆ ಕೈ ಹಾಕಿದ ಆ ಮನಿ ಹುಡುಗ
ಇನ್ನಾ ಬಕೀಟು ಕಂಡರ ಹಿಂದ ಸರೀತಾನ.

ಮರುದಿನ ಮೂರಕ್ಕ ಹೋದೆ.
ಜಗಳಾ ಮಾಡಲಿಕ್ಕೇ ಹೋದೆ.

"ಮ್ಯಾಲ ಬಾ" ಅಂದಳು.
ನಿಚ್ಚಣಿಕಿ ಹತ್ತಿದೆ, ಮೊಣಕಾಲು ಬೈಕೋತ.
ಛತ್ತಿನ ಮ್ಯಾಲ ಪರಸಿ, ಕಾಲು ಇಡಲಿಕ್ಕಾಗದಂಗ ಕಾದಾದ.
ಕಾರ್ಖಾನಿ ಒಡದ ಚೂರು ಒಟ್ಟಿ ಕಟ್ಟಿದ ಸಣ್ಣ ಗೂಡು,
ಒಳಗ ತೊಗರಿ ಹೊಟ್ಟು ತುಂಬಿದ ಚೀಲದ ಹಾಸಿಗಿ,
ಅದರ ಮ್ಯಾಲ ಮೂರು ಎಣ್ಣಿ ಡಬ್ಬಿ,
ಡಾಂಬರದಂಥ ಕರಿ ಬಣ್ಣ ಬಳದು ಮಲಗಿಸ್ಯಾರ,
ಮುಚ್ಚಳ ಅಂದ್ರ ಯಾವದೋ ಹಳೀ ಬಸ್ಸಿನ ಕಿಟಕಿ ಗಾಜು.
ಗಾಜಿನ ಮ್ಯಾಲ ಇನ್ನಾ ಬರದಾದ:
ಮಹಿಳೆಯರಿಗೆ.

ನಕ್ಕೆ. ಸಿಟ್ಟಿನಾಗೂ ನಕ್ಕೆ.

ಡಬ್ಬಿ ಕೆಳಗಿಳಸಿ ಬೋಗಾಣಿಗಿ ಸುರವಿದಳು.
ಮೊಣಕೈ ಅದ್ದಿದೆ.
ಹಾಯ್ ಅಂತ ತೆಗದೆ.
"ತಣ್ಣೀರು ತಾ" ಅಂದೆ, ಸೋತಂಗ.

ಸೌದಾ ಅಲ್ಲಿಗಿ ಮುಗೀಲಿಲ್ಲ.
ನಾ ಹನ್ನೊಂದು ತಂಬಿಗಿ ಹಾಕೋಳು.
ಅಕಿ ಏಳಕ್ಕ ಸಾಕು ಅಂದಳು,
ನಳ ನಾಕು ದಿನಕ್ಕೊಮ್ಮಿ.
ಒಂಬತ್ತಕ್ಕ ನಿಂತೆವು.
ಕೂಸಿನ ಮೈಯಿಂದ ಇಳದ ನೀರು ಟಬ್ಬಿನಾಗ,
ಟಬ್ಬಿಂದು ಲಂಗೋಟಿಗಿ,
ಲಂಗೋಟಿದು ಬಚ್ಚಲ ಹಿಂದಿನ ಕರಿಬೇವಿಗಿ.
ಕಾಲಾಗ ಮಲಗಿದ ಕೂಸಿಗಿ ಇದ್ಯಾವ ಲೆಕ್ಕ?
ಮಧ್ಯಾಹ್ನದ ಬೆಳಕಿನಾಗ ಮೊದಲನೇ ಸಲ
ಅಳಲಾರದ ಮಿಂದದ್ದು.

"ಮಾಡ ಕವದರ ಏನು ಮಾಡ್ತಿ?" ಅಂದೆ,
ಒಂದರ ಗೆಲ್ಲಬೇಕಲ್ಲ.
"ಒಲಿ ಹಚ್ಚತೀನಿ ಮಾಯಿ.
ಶಹಾಬಾದಿಗಿ ಮಾಡ ಕವಿಯೋದು ಎಷ್ಟು ದಿನ?"
ಈ ಬಿಸಲಿಗಿ ಬೈಕೋತ ಮುದಿಕ್ಯಾದೆ ನಾ.
ಅದು ಛತ್ತಿನ ಮ್ಯಾಲ ಪುಕ್ಕಟ್ಟೆ ಕುಂತಿತ್ತು
ಅರವತ್ತು ವರ್ಷ.

ಈಗ ಎರಡು ಮನಿಯಾಗ ಮೂರಕ್ಕ ಎರೀತೀನಿ.
ಮೂರನೇ ಮನಿ ಮುದುಕಿ
ಬಾಗಲು ಹಾಕಿಕೊಂಡಳು ಮಾರಿ ಮ್ಯಾಲ.
ಇರಲಿ. ನಾನೂ ಎಲಿ ಅಡಿಕಿ ಬಿಟ್ಟು ಬಂದಾಕಿನೇ.

ನಿನ್ನಿ ಎರದು ಏಳೋದರಾಗ ತಯ್ಯಬಾ ಅಂದಳು:
"ಒಂದು ಡಬ್ಬಿ ಉಳದಾದ. ಕುಂದರು,
ನಾ ಹಾಕತೀನಿ."

ನಂಗ ಯಾರೂ ಹಾಕಿಲ್ಲ.
ನಲವತ್ತು ವರ್ಷ ಊರ ಮಂದಿಗಿ ಬಿಸಿನೀರು ಎರದು
ಮನಿಗಿ ಬಂದು ತಣ್ಣೀರು ಸುರಕೊಂಡಾಕಿ,
ಕಟಗಿ ಉಳೀತಾವ ಅಂತ.

ಪರಸಿ ಮ್ಯಾಲ ಕುಂತೆ. ಬೆಚ್ಚಗಿತ್ತು.
ರೂಢಿ ನೋಡ್ರಿ, ಮೊಣಕೈ ತಾನೇ ಹೋತು ಬೋಗಾಣಿಗಿ.

"ಸ್ವಲ್ಪ ಸುಡತಾದವ್ವ, ತಡಿ" ಅಂದೆ.

ಸುಡತಿರಲಿಲ್ಲ.