ಹೊಟ್ಟೆಗೆ ಹಾಕಿಕೊಳ್ಳುವುದು

ಗುರುವಾರ ಎರಡು ಮೂಟೆ ಇದ್ದಿಲು ಬೀ ಜುವೇನಾಳ ಮನೆಗೆ.
ಮತ್ರಾದ ಆ ಗಲ್ಲಿಗೆ ಪಿಕಪ್ಪು ನುಗ್ಗುವುದಿಲ್ಲ,
ಮೀನು ಮಾರ್ಕೆಟ್ಟಿನ ಹಿಂದೆ ನಿಲ್ಲಿಸಿ
ಎಂಬತ್ತೇಳು ಮೆಟ್ಟಿಲು ಹತ್ತಬೇಕು.
ಮೂಟೆ ಹೊತ್ತವನಿಗೆ ಎಣಿಕೆ ತಪ್ಪುವುದಿಲ್ಲ.

ಒಂದು ತುಂಡು ತೆಗೆದು ಕಿವಿಯ ಹತ್ತಿರ ತಟ್ಟುತ್ತಾಳೆ
ತೆಂಗಿನಕಾಯಿ ಕೊಳ್ಳುವವರ ಹಾಗೆ.
ಠಣ್ ಅಂದರೆ ಒಳ್ಳೆಯದು.
ಮಂದವಾದರೆ ನೀರು ಕುಡಿದದ್ದು, ವಾಪಸು.
"ನಮ್ಮ ಕೋತಿಗಳಿಗೂ ಗೊತ್ತಿತ್ತು" ಅಂದಳು ಒಮ್ಮೆ,
ಅರಬಿ, ಸ್ವಾಹಿಲಿ, ಸಿನಿಮಾದ ಹಿಂದಿ ಕಲಸಿ,
"ಮೂಸಿ ನೋಡಿಯೇ ಆರಿಸುತ್ತಿದ್ದವು."

ಕೋತಿ ಇದ್ದಿಲು ತಿನ್ನುವುದೆ? ನಕ್ಕೆ.
ನಮ್ಮ ಅಂಕೋಲೆಯ ಮುಸುವ
ಕರಿ ಇಶಾಡು ಮಾವನ್ನು ಅರ್ಧ ಕಚ್ಚಿ ಎಸೆಯುತ್ತದೆ,
ಒಲೆಯ ಬುಡಕ್ಕೆ ಬರುವುದಿಲ್ಲ.

ಜಂಜಿಬಾರ ಬಿಟ್ಟರೆ ಬೇರೆಲ್ಲೂ ಇಲ್ಲವಂತೆ ಆ ಕುಲ.
ಬೆನ್ನು ಕೆಮ್ಮಣ್ಣು, ತೋಳು ಕಪ್ಪು, ಹೊಟ್ಟೆ ಬಿಳಿ,
ಹಣೆಯ ಸುತ್ತ ನರೆಗೂದಲು ಎದ್ದು ನಿಂತಿರುತ್ತದಂತೆ
ಈಗಷ್ಟೇ ಕೆಟ್ಟ ಸುದ್ದಿ ಕೇಳಿದವರ ಹಾಗೆ.
ಕಳಿತ ಹಣ್ಣು ಮುಟ್ಟುವುದಿಲ್ಲ, ಸಿಹಿ ಒಳಗೆ ಹುಳಿಯುತ್ತದೆ;
ದನಕ್ಕಿರುವ ಹಾಗೆ ಕೋಣೆ ಕೋಣೆಯ ಹೊಟ್ಟೆ.
ಬೇಕಾದದ್ದು ಮಿಡಿ, ಮಾವಿನ ಚಿಗುರು, ಕಾಡುಬಾದಾಮಿಯ ಎಳೆ ಎಲೆ.
ಚಿಗುರಲ್ಲಿ ಮರ ಬಚ್ಚಿಟ್ಟ ವಿಷವಿರುತ್ತದೆ,
ಮರವೂ ಬದುಕಬೇಕಲ್ಲ.

ತಿಂದು ಇಳಿಯುತ್ತವೆ ಸುಣ್ಣದ ಗೂಡಿಗೆ,
ಅಡುಗೆಮನೆಯ ಹಿಂದಿನ ಬೂದಿಗುಂಡಿಗೆ.
ಬಾಯಲ್ಲೊಂದು ಕರಿ ತುಂಡು, ಕೈಯಲ್ಲೊಂದು.
ಮರಿ ತಾಯಿಯ ತುಟಿಯನ್ನೇ ನೋಡುತ್ತದೆ,
ಕಲಿಯುವುದು ಹಾಗೆ.
ಆಮೇಲೆ ಕೊಂಬೆಗೆ ಬೋರಲು ಬಿದ್ದು, ಕಾಲು ಇಳಿಬಿಟ್ಟು,
ಇಡೀ ಮಧ್ಯಾಹ್ನ ಅರಗಿಸುವುದೇ ಕೆಲಸ,
ಒಂದರ ಕೂದಲಲ್ಲಿ ಇನ್ನೊಂದರ ಬೆರಳು.

ಊರವರು ಅದಕ್ಕೆ ವಿಷದ ಕೋತಿ ಅನ್ನುತ್ತಿದ್ದರಂತೆ.
ಕೂತ ಮರ ಒಣಗುತ್ತದೆ,
ಅದರ ಮಾಂಸ ತಿಂದ ನಾಯಿಯ ಕೂದಲುದುರುತ್ತದೆ.
"ಸುಳ್ಳು" ಅಂದಳು. "ಮರಕ್ಕೆ ವಯಸ್ಸಾಗಿತ್ತು."

ಮತ್ತೆ ಅಂಗೈ ಎತ್ತಿ ಹೆಬ್ಬೆಟ್ಟು ಮಡಚಿ ತೋರಿಸಿದಳು:
"ಇದಿಲ್ಲ ಅದಕ್ಕೆ. ನಾಲ್ಕೇ ಕೊಕ್ಕೆ.
ಕೊಂಬೆಯಿಂದ ಕೊಂಬೆಗೆ ಹಾರುವವರಿಗೆ ಇದು ಅಡ್ಡ."

ಆಗ ನನ್ನದನ್ನೂ ಹೇಳಿದೆ.
ಕಾರ್ಡು ಆಫೀಸಿನ ಯಂತ್ರ ಒತ್ತು ಅಂದಿತು, ಒತ್ತಿದೆ.
ಮತ್ತೆ ಒತ್ತು. ಆರು ಸಲ.
ಹದಿನಾಲ್ಕು ವರ್ಷ ಗೋಣಿ ಎಳೆದು ಗೆರೆಯೆಲ್ಲ ಸವೆದಿದೆ,
ಗಾಜಿನ ಮೇಲೆ ಉಳಿದದ್ದು ಒಂದು ಕರಿ ಮಚ್ಚೆ.
ಗುಮಾಸ್ತ ಟಿಶ್ಯೂನಿಂದ ಅದನ್ನೂ ಒರೆಸಿದ.
ಅಪ್ಪ ಹೆಬ್ಬೆಟ್ಟಿನವನು.
ನಾನು ಏಳನೆಯ ಇಯತ್ತೆ ಓದಿ
ಹೆಬ್ಬೆಟ್ಟೂ ಇಲ್ಲದವನು.

ಕೆಮ್ಮು ಬರುವವರೆಗೆ ನಕ್ಕಳು.
ಶುಂಠಿ ಕಾಫಿ ಬಗ್ಗಿಸಿದಳು, ಅಕ್ಕಿರೊಟ್ಟಿ ಮುರಿದಳು.
ಕೆಳಗೆ ಬಂದರಿನಲ್ಲಿ ಹಡಗೊಂದು ಕೂಗಿತು.

"ಒಂಬತ್ತು ವರ್ಷ ನನಗೆ. ರಾತ್ರಿ.
ಗಲಾಟೆ ಬೀದಿಯ ತಿರುವಿಗೆ ಬಂದಿತ್ತು.
ಅಮ್ಮ ಒಲೆಗೆ ನೀರು ಸುರಿದಳು,
ಹಾಯಿಹಡಗು ಕಾಯುತ್ತಿದೆ ಅಂದರೂ ಕೇಳದೆ.
ಬಿಟ್ಟುಹೋಗುವ ಮನೆ, ಯಾಕೆ ಆರಿಸಿದಳೋ.
ಅರ್ಧ ಸುಟ್ಟ ಕೊಳ್ಳಿ ಉಳಿದಿರುತ್ತದೆ.
ಬೆಳಿಗ್ಗೆ ಅವು ಬಂದಿರುತ್ತವೆ."

ಅಷ್ಟೇ ಹೇಳಿದ್ದು. ಓಡಿಸಿದವರ ಹೆಸರಿಲ್ಲ, ಬೈಗುಳವಿಲ್ಲ.
ಬುಟ್ಟಿಯಿಂದ ಇನ್ನೊಂದು ತುಂಡೆತ್ತಿ ತಟ್ಟಿದಳು.

ಹೊಟ್ಟೆಗೆ ಹಾಕಿಕೊಂಡಿದ್ದೀಯಲ್ಲ ಎಲ್ಲವನ್ನೂ,
ಅನ್ನಬೇಕೆನಿಸಿತು. ನಮ್ಮಲ್ಲಿ ಹಾಗೇ ಅನ್ನುವುದು.
ಅರಬಿಯಲ್ಲಿ ಅದಕ್ಕೆ ಮಾತು ಬರಲಿಲ್ಲ ನನಗೆ,
ಹಿಂದಿಯಲ್ಲೂ.
ಹೊಟ್ಟೆ ಮುಟ್ಟಿ ತೋರಿಸಿದೆ.

ಇನ್ನೂ ಹಸಿವೆಂದುಕೊಂಡು
ಮತ್ತೆರಡು ರೊಟ್ಟಿ ತಂದಳು.