ಎಳ್ಳೆಣ್ಣೆಯ ಗುಳಿಗೆ

ಮೇಲೆ ಹೋಗುವ ತಟ್ಟೆಯನ್ನು ಎಲ್ಲರೂ ನೋಡುತ್ತಾರೆ.
ಕೆಳಗೆ ಮರಳಿ ಬರುವುದನ್ನು ನೋಡುವವಳು ನಾನು, ಬೋಡಿಲ್,
ಆಲ್ಬೋರ್ ಆಸ್ಪತ್ರೆಯ ಅಡುಗೆಮನೆಯಲ್ಲಿ ಹದಿನೇಳು ವರ್ಷ.
ಮೂಳೆ ಮುರಿದವರ ತಟ್ಟೆ ಬಳಿದಿಟ್ಟಂತೆ ಬರುತ್ತದೆ,
ಹೆತ್ತವರ ತಟ್ಟೆಯಲ್ಲಿ ಚಮಚವೂ ಹೊಳೆಯುತ್ತದೆ.
ಐದನೇ ಮಹಡಿಯದು ಬೇರೆ:
ರೈ ರೊಟ್ಟಿಯ ಬೆಣ್ಣೆಗೆ ನಾನೆಳೆದ ಚಾಕುವಿನ ಗೆರೆ ಹಾಗೇ,
ಆಲೂಗಡ್ಡೆ ಮಾತ್ರ ಸಣ್ಣಗೆ, ಇನ್ನೂ ಸಣ್ಣಗೆ ಹೋಳಾಗಿ
ಜಾಗ ಬದಲಿಸಿರುತ್ತದೆ,
ಮನೆ ಬಿಡದೆ ಸಾಮಾನು ಸರಿಸಿದ ಹಾಗೆ.

ಮೈಕೆನ್‌ಳ ತಟ್ಟೆ ಹೆಸರಿನ ಚೀಟಿ ಇಲ್ಲದೆಯೂ ಗೊತ್ತಾಗುತ್ತದೆ.
ಒಲ್ಲದ ಬಾಯಿಗೆ ಮೊಸರಲ್ಲೂ ಕಲ್ಲು ಅಂತಾರಲ್ಲ,
ಇವಳು ಆ ಕಲ್ಲನ್ನು ಹುಡುಕಿ ಹುಡುಕಿ
ಬಟ್ಟಲಿನ ಅಂಚಿಗೆ ಸಾಲಾಗಿ ಜೋಡಿಸುವವಳು.
ಒಂಬತ್ತು ವರ್ಷ. ದೋಣಿ ಕಟ್ಟುವವನ ಮಗಳು;
ತೇಲಬೇಕಾದರೆ ಹಗುರಾಗಬೇಕು ಅಂತ ಯಾರು ಹೇಳಿದರೋ.

ಫೆಬ್ರವರಿ ಕೊನೆಗೆ ಗುಳಿಗೆ ಬಂತು.
ಗಾಂಜಾದ ಸತ್ವ, ಎಳ್ಳೆಣ್ಣೆಯಲ್ಲಿ ಕರಗಿಸಿದ್ದು.
ಇನ್ನೊಂದು ಬುಡ್ಡಿಯಲ್ಲಿ ಬರೀ ಎಳ್ಳೆಣ್ಣೆ.
ಒಂದೇ ಬಣ್ಣ, ಒಂದೇ ಗಾತ್ರ.
ನಾಲ್ಕು ವಾರ ಇದು, ನಡುವೆ ಬಿಡುವು, ನಾಲ್ಕು ವಾರ ಅದು;
ಯಾವುದು ಯಾವುದೆಂದು ಲಕೋಟೆಗೆ ಮಾತ್ರ ಗೊತ್ತು.

ನನಗೆ ನಗು ಬಂತು. ನಮ್ಮ ಆಸ್ಗರ್ ನೆನಪಾದ:
ಸೈಕಲ್ ಶೆಡ್ಡಿನಲ್ಲಿ ಒಂದು ದಮ್ಮು ಎಳೆದು ಬಂದವನು
ಭಾನುವಾರದ ನೆಂಟರಿಗಿಟ್ಟ ಲಿವರ್ ಪೇಸ್ಟಿನ ಡಬ್ಬಿ ಪೂರ್ತಿ
ಬೆರಳಲ್ಲೇ ಬಳಿದು ತಿಂದು
ಬೆಕ್ಕಿನ ಮೇಲೆ ಹಾಕಿದ್ದ.
ಹಸಿವು ಅಷ್ಟು ಅಗ್ಗ ಅವನಿಗೆ.

ಟ್ರೇ ತರಲು ಹೋದಾಗ ಡಾಕ್ಟರ್ ವೆಸ್ಟರ್‌ಗಾರ್ ಹೇಳಿದರು:
ಈ ಬೀಗ ಗಿಡಕ್ಕಾಗಿ ಮಾಡಿದ್ದಲ್ಲ, ಬೋಡಿಲ್.
ಮಿದುಳಲ್ಲೂ ಇದೆ, ಕರುಳಲ್ಲೂ ಇದೆ;
ಕೀಲಿಯನ್ನು ಮೈ ತಾನೇ ಬೇಕಾದಾಗ ಕಡೆದುಕೊಂಡು
ಬಳಸಿದೊಡನೆ ಕರಗಿಸಿಬಿಡುತ್ತದೆ.
ಗಿಡದ್ದು ಕಳ್ಳಕೀಲಿ.
ಆ ಬೀಗ ಮುಚ್ಚಿಬಿಟ್ಟರೆ, ಆಗ ತಾನೇ ಹುಟ್ಟಿದ ಇಲಿಮರಿ
ಮೊಲೆ ಬಾಯಿಗೆ ತಾಗಿದರೂ ಚೀಪುವುದಿಲ್ಲವಂತೆ.
ಮೈಯ ಕೀಲಿಗಳಲ್ಲೊಂದಕ್ಕೆ ಆನಂದದ ಹೆಸರಂತೆ;
ಎಲ್ಲಿಯದೋ ಹಳೆಯ ಮಾತು, ಅವರ ಡೇನಿಶ್ ನಾಲಿಗೆಯ ಮೇಲೆ
ಬಿಸಿ ಆಲೂಗಡ್ಡೆಯಂತೆ ಹೊರಳಿತು.
ಐದನೇ ಮಹಡಿಯಲ್ಲಿ ಆ ಪದ ಕೇಳಿದ್ದು ಅದೊಂದೇ ಸಲ.

ಮಾರ್ಚ್, ಎರಡನೇ ಬುಧವಾರ.
ಆಲೂಗಡ್ಡೆಯ ಸಿಪ್ಪೆ ಇರಲಿಲ್ಲ.
ತಟ್ಟೆ ಎತ್ತಿ ನೋಡಿದೆ, ಕಾಗದದ ಕರವಸ್ತ್ರ ಬಿಡಿಸಿದೆ,
ನಾಚಿಕೆ ಬಿಟ್ಟು ಕಸದ ಬುಟ್ಟಿಗೂ ಕೈ ಹಾಕಿದೆ.
ಇಲ್ಲ.
ಮರುದಿನ ಅರ್ಧ ರೊಟ್ಟಿ ಇರಲಿಲ್ಲ.
ಯಾರಿಗೂ ಹೇಳಲಿಲ್ಲ; ಹೇಳಿದರೆ ದೃಷ್ಟಿ ತಾಗೀತು ಅನ್ನಿಸಿತು.
ತಕ್ಕಡಿಗೆ ಬೆನ್ನು ಮಾಡಿ ನಿಲ್ಲಿಸುತ್ತಾರೆ ಅವರನ್ನು.
ಮುಳ್ಳು ಸರಿದದ್ದು ಸ್ವಲ್ಪವೇ, ನರ್ಸಿನ ಹುಬ್ಬು ಏರುವಷ್ಟು.
ತಲೆಯೊಳಗಿನ ಮುಳ್ಳು ಮಾತ್ರ, ಡಾಕ್ಟರರೇ ಅಂದರು,
ಇದ್ದಲ್ಲೇ ಇತ್ತು.

ಲಕೋಟೆ ಒಡೆದದ್ದು ಆಗಸ್ಟಿನಲ್ಲಿ.
ಅವಳೇ ಇಳಿದು ಬಂದಳು ಅಡುಗೆಮನೆಗೆ,
ಫ್ಯೋರ್ಡಿನ ಕಡೆಯ ಕಿಟಕಿಗಳೆಲ್ಲ ತೆರೆದಿದ್ದ ಸೆಕೆಯಲ್ಲಿ
ಅಂಗೈವರೆಗೆ ಎಳೆದ ಉಣ್ಣೆಯ ಸ್ವೆಟರಿನಲ್ಲಿ.
“ಮಾರ್ಚಿನದು ಗಿಡವಂತೆ.
ಹಾಗಾದರೆ ಆ ರೊಟ್ಟಿ ತಿಂದವರು ಯಾರು?”

ಸೌಟು ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆದೆ.
ಹೇಳಬಹುದಿತ್ತು, ಬೀಗ ನಿನ್ನದೇ ಎಂದು.
ಮೇ ತಿಂಗಳಲ್ಲಿ, ಬರೀ ಎಳ್ಳೆಣ್ಣೆಯ ವಾರಗಳಲ್ಲಿ,
ಸಿರ್ಕಾದಲ್ಲಿ ನೆನೆದ ಸೌತೆಕಾಯಿಯ ಎರಡು ಬಿಲ್ಲೆ
ಒಂದು ಸಂಜೆ ಕಾಣೆಯಾದದ್ದು ನನಗೆ ಗೊತ್ತಿತ್ತು.
ಇನ್ನೊಬ್ಬರ ಕಣ್ಣಿಗೆ ಬಿದ್ದ ತುತ್ತು
ಅವಳ ಗಂಟಲಿಳಿಯುವುದಿಲ್ಲವೆಂದೂ ಗೊತ್ತಿತ್ತು.

ಸ್ಟೂಲು ಎಳೆದು ಕೊಟ್ಟೆ.
ಸಬ್ಬಸಿಗೆ ಸೊಪ್ಪು ರಾಶಿ ಬಿದ್ದಿತ್ತು ಬಿಡಿಸುವುದಕ್ಕೆ.
ಎಳೆ ಎಳೆಯಾಗಿ ಬಿಡಿಸುತ್ತ ಕೂತಳು, ಮಾತಿಲ್ಲದೆ.
ಒಮ್ಮೆ ಬೆರಳು ಮೂಸಿಕೊಂಡಳು.

ನಾನು ಬೇರೆ ಕಡೆ ನೋಡಿದೆ.